ತಿಮ್ಮಕ್ಕನ ಕೈಗುಣ, ನಮ್ಮ ಗೊಬ್ಬರ

೧೪ ಅಕ್ಟೋಬರ್ ೧೯೮೩, ಶುಕ್ರವಾರ. ಸವಣೂರು

ನಮ್ಮ ಹಟ್ಟಿಗೊಬ್ಬರದ ಘನತೆ ಇಂದು ಬಂದ ಸರಕಾರಿ ಪರೀಕ್ಷೆಯ ಕಾಗದದಲ್ಲಿ ದಾಖಲಾಯಿತು: ಅದರಲ್ಲಿ ಗಿಡದ ಬೇರು ಸುಡುವಷ್ಟು ತಾಮ್ರ ಉಂಟಂತೆ. ಅಡಿಕೆಗೆ ಸಿಂಪಡಿಸಿ ಉಳಿದ ಮೈಲುತುತ್ತಿನ ಮದ್ದು, ಅಂದರೆ ತಾಮ್ರದ ನೀರು, ದಂಡವಾಗಬಾರದೆಂದು ಆರು ವರ್ಷ ಗೊಬ್ಬರಗುಂಡಿಗೆ ಸುರಿದ ಮಹಾನುಭಾವ ನಾನೇ.

ಅದೇ ಗೊಬ್ಬರವನ್ನು ಪಕ್ಕದ ಮನೆಯ ತಿಮ್ಮಕ್ಕನಿಗೆ ಉದಾರವಾಗಿ ಕೊಟ್ಟೆ. ಅವರ ಅಲಸಂಡೆ ಬಳ್ಳಿ ಮೂರು ಸಲ ಕರಟಿಹೋಯಿತು.

“ನನ್ನ ಕೈಗುಣವೇ ಹೋಯ್ತು ಮಾರಾಯ್ರೆ, ಇನ್ನು ಬೀಜ ಮುಟ್ಟುದಿಲ್ಲ” ಎಂದು ಸಂಜೆ ಬೇಲಿಯಾಚೆ ನಿಂತು ಹೇಳಿದರು.

“ಹವೆ ಸರಿ ಇಲ್ಲ ತಿಮ್ಮಕ್ಕ” ಎಂದೆ.

ಊರನ್ನೆಲ್ಲ ಗೇಲಿ ಮಾಡಿ ಪತ್ರಿಕೆಗೆ ಬರೆಯುವವನಿಗೆ ಸ್ವಂತ ತಪ್ಪೊಂದನ್ನು ಹೇಳಲು ಬಾಯಿ ಬರಲಿಲ್ಲ. ಈ ಹೇಡಿತನ ಸಾಕಾಗಿದೆ.

ಮಡದಿ ಕಮಲಾವತಿಯೇ, ಈ ದಿನಚರಿ ಪುಸ್ತಕವನ್ನು ನೀನು ಕದ್ದು ಓದುವುದು ನನಗೆ ಗೊತ್ತುಂಟು. ನಾಳೆ ಹಾಲು ಕೊಡಲು ಹೋಗುವಾಗ ವಿಷಯವನ್ನು ತಿಮ್ಮಕ್ಕನಿಗೆ ನೀನೇ ಹೇಳು. ನಮ್ಮ ಗೊಬ್ಬರ ಬೀಳದ ಬೇರೆ ಜಾಗದಲ್ಲಿ ಹಾಕಲು ಒಂದು ಮುಷ್ಟಿ ಅಲಸಂಡೆ ಬೀಜವನ್ನೂ ಕೊಡು.