ಅಕ್ಕನಿಗೆ ನೂರಹತ್ತು, ನಿಮಗೆ ಐವತ್ತನಾಲ್ಕು

ರೇಸಿನ ಕುರ್ಚಿಯ ಏಕಮಾತ್ರ ಒಡೆಯರೂ, ನಡುಮನೆಯ ಅರ್ಧ ಭಾಗವನ್ನು ಸ್ಟೀರಿಂಗು, ಪೆಡಲು, ವೈರುಗಳಿಂದ ಗೆದ್ದು ಆಳುತ್ತಿರುವವರೂ, ದುರದೃಷ್ಟವಶಾತ್ ನನ್ನ ಅಕ್ಕನ ಗಂಡನೂ ಆದ ಭಾವನವರ ಸನ್ನಿಧಾನಕ್ಕೆ,

ಈ ಪತ್ರವನ್ನು ನಿಮ್ಮ ರೇಸಿನ ಕೈಗವಸಿನೊಳಗೆ ತುರುಕಿದ್ದೇನೆ. ಓದುವಾಗ ಒದ್ದೆ ನಾಯಿಯ ವಾಸನೆ ಬಂದರೆ ದಯವಿಟ್ಟು ಕಾಗದವನ್ನು ಬೈಯಬೇಡಿ, ಅದು ಕೈಗವಸಿನದು. ನಡುಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಆಡುವ ಕಾರ್ ರೇಸಿನ ಆಟಕ್ಕೆ ಕೈಗವಸು ಯಾಕೆ ಎಂದು ನಾನು ಎಂದೂ ಕೇಳಲಿಲ್ಲ. ಅದನ್ನು ಒಗೆಯುವುದಿಲ್ಲವೇ ಎಂದೂ ಕೇಳಲಿಲ್ಲ. ಆ ಬಗೆಯ ಅಸಹ್ಯಗಳನ್ನು ಸಂಬಂಧದ ಮುಲಾಜಿನಲ್ಲಿ ನುಂಗಿಕೊಳ್ಳಬಹುದು. ಈಗ ಬರೆಯುತ್ತಿರುವುದು ಗಂಟಲಲ್ಲಿ ಇಳಿಯದೆ ಉಳಿದ ಇನ್ನೊಂದರ ಬಗ್ಗೆ.

ನಿಮ್ಮ ಮೇಲೆ ನನಗೆ ಗೌರವ ಹುಟ್ಟಿದ ದಿನ ಒಂದಿತ್ತು. ಆ ಯಂತ್ರವನ್ನೆಲ್ಲ ಜೋಡಿಸಿ ಮುಗಿಸಿದ ಸಂಜೆ ಅದು. ಗ್ರಾಹಕರ ಅಡುಗೆಮನೆಗೆ ಕಪಾಟು ಕೂರಿಸಲು ಅಳತೆ ತೆಗೆಯುವುದು ನಿಮ್ಮ ಕೆಲಸ. ಬಡಗಿ ಕೂದಲೆಳೆಯಷ್ಟು ಹೆಚ್ಚು ಕೊಯ್ದರೂ ಫೋನಿನಲ್ಲೇ ಅವನ ಕಿವಿ ಹಿಂಡುವವರು ನೀವು. ಅದೇ ಸ್ಟೀಲ್ ಟೇಪನ್ನು ಅವತ್ತು ನಿಮ್ಮ ಮೂಗಿನಿಂದ ಪರದೆಯವರೆಗೆ ಎಳೆದು ಹಿಡಿಯಲು ನನಗೆ ಹೇಳಿದಿರಿ. ಆಮೇಲೆ ಪರದೆಯ ಅಗಲ ಅಳೆದಿರಿ. ಲೆಕ್ಕ ಹಾಕಿ, ಆಟದ ಸೆಟ್ಟಿಂಗಿನಲ್ಲಿ ಫೀಲ್ಡ್ ಆಫ್ ವ್ಯೂ ಎಂಬ, ಪರದೆಯಲ್ಲಿ ಎಷ್ಟು ಅಗಲದ ನೋಟ ಕಾಣಬೇಕೆಂದು ಹೇಳುವ ಕಡ್ಡಿಯನ್ನು ಐವತ್ತನಾಲ್ಕು ಡಿಗ್ರಿಗೆ ತಂದು ನಿಲ್ಲಿಸಿದಿರಿ. ನಾನು ಪೆಚ್ಚುಪೆಚ್ಚಾಗಿ ನೋಡುತ್ತಿದ್ದಾಗ ನೀವು ಕೊಟ್ಟ ಪಾಠ ನನಗಿನ್ನೂ ಬಾಯಿಪಾಠ.

"ನೋಡೋ, ಈ ಪರದೆ ಅಂದ್ರೆ ಗೋಡೇಲಿ ಕೊರೆದ ಒಂದು ಕಿಟಕಿ ಅಂದ್ಕೋ. ಕಿಟಕಿ ಎಷ್ಟು ಅಗಲ, ನಿನ್ನ ಕಣ್ಣು ಎಷ್ಟು ದೂರ, ಅದಕ್ಕೆ ತಕ್ಕಷ್ಟೇ ರಸ್ತೆ ಕಾಣ್ಬೇಕು. ಆಸೆಪಟ್ಟು ಜಾಸ್ತಿ ತುಂಬಿಸಿದ್ರೆ ಎಲ್ಲಾ ಕುಗ್ಗಿ ಸಣ್ಣದಾಗುತ್ತೆ. ಹತ್ತಿರ ಇರೋದು ದೂರ ಇದ್ದಂಗೆ ಕಾಣುತ್ತೆ. ಪಕ್ಕದ ಮರಗಳು ಬಾಣದ ಥರ ಹೋಗೋದ್ರಿಂದ ಭಾರೀ ಸ್ಪೀಡು ಅನ್ಸುತ್ತೆ. ಅದು ಮಕ್ಕಳನ್ನ ಕುಣಿಸೋಕೆ ಸರಿ, ಬ್ರೇಕ್ ಎಲ್ಲಿ ಹಾಕ್ಬೇಕು ಅನ್ನೋದು ಮಾತ್ರ ಜನ್ಮದಲ್ಲಿ ಗೊತ್ತಾಗಲ್ಲ."

ಎಷ್ಟು ಚೆನ್ನಾಗಿ ಹೇಳಿದಿರಿ ಭಾವ. ಒಂದು ಮಾತೂ ತಪ್ಪಿಲ್ಲ. ನಿಮಗೆ ಗೊತ್ತಿರಲಿಲ್ಲ ಎಂದು ನನ್ನ ಮನಸ್ಸಿಗೆ ಸಮಾಧಾನ ಹೇಳಲು ಒಂದು ಸಂದೂ ಉಳಿಸಲಿಲ್ಲ.

ಅಕ್ಕನ ವಿಷಯ ನಿಮಗೆ ನಾನು ಹೇಳಬೇಕಾಗಿ ಬಂದಿರುವುದೇ ಒಂದು ತಮಾಷೆ. ಆದರೂ ಹೇಳುತ್ತೇನೆ. ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ನಿಂತು ಸಾಕಾಗಿದ್ದ ಅವಳಿಗೆ ಬೇಕಾಗಿದ್ದದ್ದು ಮನೆಮನೆಗೆ ಹೋಗುವ ನರ್ಸಿನ ಕೆಲಸ. ಹಾಸಿಗೆ ಹಿಡಿದವರ ಗಾಯ ತೊಳೆದು ಕಟ್ಟುವುದು, ಅವರ ಪಕ್ಕ ಒಂದಷ್ಟು ಹೊತ್ತು ಕೂತು ಮಾತಾಡುವುದು. ವಾರ್ಡಿನಲ್ಲಿ ಹಾಗೆ ಕೂರಲು ಬಿಡುವುದಿಲ್ಲ. ಆಸ್ಪತ್ರೆ ಕಾರು ಕೊಡುತ್ತದೆ, ಓಡಿಸಿಕೊಂಡು ಹೋಗಬೇಕು. "ಲೈಸೆನ್ಸ್ ತಂದು ತೋರ್ಸು, ಕೆಲಸ ನಿನ್ದೇ. ಮೂರು ತಿಂಗಳು ದಾಟಿದ್ರೆ ಬೇರೆಯವರಿಗೆ ಕೊಡ್ತೀನಿ" ಎಂದು ಹೆಡ್ ಸಿಸ್ಟರ್ ಕಡ್ಡಿ ಮುರಿದಂತೆ ಹೇಳಿದ್ದರು. ಅಕ್ಕ ಡ್ರೈವಿಂಗ್ ಸ್ಕೂಲಿಗೆ ಸೇರಿದಳು, ಗೇರು ಈಗಷ್ಟೇ ಹಿಡಿತಕ್ಕೆ ಬರುತ್ತಿತ್ತು, ಅಷ್ಟರಲ್ಲಿ ನೀವು ದೊಡ್ಡ ಮನಸ್ಸು ಮಾಡಿದಿರಿ. "ಮನೇಲೇ ಇಷ್ಟೆಲ್ಲಾ ಇರುವಾಗ ಆ ಡಬ್ಬಾ ಕಾರಲ್ಲಿ ಯಾಕೆ ಅಲೀತೀಯ? ನಾನೇ ಕಲಿಸ್ತೀನಿ ಬಾ." ಅವಳು ಎಷ್ಟು ಹಿಗ್ಗಿದಳು. ಡ್ಯೂಟಿ ಮುಗಿಸಿ ಬಂದು, ಮುಖ ತೊಳೆದು, ಪರೀಕ್ಷೆಗೆ ಕೂರುವ ಹುಡುಗಿಯಂತೆ ಆ ಕುರ್ಚಿಯಲ್ಲಿ ಕೂರುತ್ತಿದ್ದಳು.

ಮೊದಲ ಟೆಸ್ಟಿನಲ್ಲಿ ಬಿಳಿ ಗೆರೆಯ ಬಳಿ ನಿಲ್ಲಬೇಕಿತ್ತು, ಅವಳು ಕಾರು ನಿಲ್ಲಿಸಿದ ಜಾಗ ನೋಡಿ ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರ್ ಕಿಟಕಿಯಿಂದ ತಲೆ ಹೊರಹಾಕಿದರಂತೆ.

"ಏನಮ್ಮಾ, ಯಾರಾದ್ರೂ ಅಡ್ಡ ಬಂದ್ರಾ?"

"ಇಲ್ಲ ಸಾರ್, ಗೆರೆ ಬಂತಲ್ಲ."

"ಗೆರೆ ಅಲ್ಲಿದೆ, ನಾವು ಇಲ್ಲಿದೀವಿ. ಮಧ್ಯೆ ಒಂದು ಸೈಟು ಮಾಡಿ ಮಾರ್ಬಹುದು."

ಮನೆಗೆ ಬಂದು ಇದನ್ನು ಹೇಳುವಾಗ ಅವಳೇ ನಕ್ಕಿದ್ದಳು. ನೀವು ನಗಲಿಲ್ಲ, ಗಂಭೀರವಾಗಿ, "ಪ್ರಾಕ್ಟೀಸ್ ಸಾಲ್ದು" ಎಂದಿರಿ. ಅವಳು ಇನ್ನಷ್ಟು ಕೂತಳು. ಎರಡನೆಯ ಸಲ ಗೆರೆಗೆ ಇನ್ನೂ ದೂರದಲ್ಲಿ ಗಕ್ಕನೆ ನಿಲ್ಲಿಸಿದಳು. ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಅವಳು ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿ, "ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ, ಹೋಗ್ಬನ್ನಿ" ಎಂದು ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ಅಕ್ಕ ಸೋಫಾದ ಮೇಲೆ ಕೂತು ನನ್ನನ್ನು ಕೇಳಿದಳು, "ಕಣ್ಣು ಸರಿ ಇದೆ ಅಂದ್ರೆ ತಲೆನೇ ಸರಿ ಇಲ್ಲ ಅಂತ ಅಲ್ವೇನೋ?" ನೀವು ಟೀ ಲೋಟದ ಹಿಂದಿನಿಂದ, "ಎಲ್ಲರಿಗೂ ಎಲ್ಲಾ ಬರಲ್ಲ, ಬಿಡು" ಎಂದಿರಿ.

ಅದಾದ ಮೇಲೆ ನೀವು ಗಮನಿಸದ, ಅಥವಾ ಗಮನಿಸಿ ಒಳಗೊಳಗೇ ತೃಪ್ತಿಪಟ್ಟ ಒಂದು ಸಂಗತಿ ನಡೆಯಿತು. ಒಂದೇ ಸಲಕ್ಕೆ ನರ ಹಿಡಿದು ಸೂಜಿ ಹಾಕುತ್ತಿದ್ದ ಕೈ ಅವಳದು. ಆ ಕೈ ವಾರ್ಡಿನಲ್ಲಿ ತಡವರಿಸತೊಡಗಿತು. ಸೂಜಿ ಹಿಡಿದು ನಿಂತು, ಪಕ್ಕದ ಸಿಸ್ಟರನ್ನು ಕರೆದು, "ನೀನೇ ಹಾಕೇ, ನನಗೆ ದೂರ ಹತ್ತಿರ ಗೊತ್ತಾಗ್ತಿಲ್ಲ" ಎಂದಳಂತೆ. ಇದನ್ನು ನನಗೆ ಹೇಳಿದ್ದು ಆ ಸಿಸ್ಟರ್. ಅಕ್ಕ ಯಾರಿಗೂ ಹೇಳಿರಲಿಲ್ಲ.

ಇಷ್ಟೆಲ್ಲ ಆಗುವಾಗ ನನಗೂ ಏನೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ನನ್ನ ಕಿಡಿಗೇಡಿತನದ ಪುಣ್ಯದಿಂದ. ನೀವು ಸ್ನಾನಕ್ಕೆ ಹೋಗಿದ್ದಾಗ ನಿಮ್ಮ ಆಟದ ಆ ಕಡ್ಡಿಯನ್ನು ಪೂರ್ತಿ ಎಡಕ್ಕೆಳೆದು, ರೇಸು ಶುರುವಾಗುತ್ತಲೇ ಮುಂದಿನ ಕಾರಿನ ನಂಬರ್ ಪ್ಲೇಟೊಂದೇ ನಿಮಗೆ ಬೆಟ್ಟದಷ್ಟಾಗಿ ಕಾಣುವಂತೆ ಮಾಡಬೇಕೆಂಬ ಸದುದ್ದೇಶದಿಂದ ಕೂತೆ. ಕಡ್ಡಿ ಐವತ್ತನಾಲ್ಕರಲ್ಲಿತ್ತು. ಹಿಂದಿನ ಸಂಜೆ ಅಕ್ಕ ಓಡಿಸುವಾಗ ರಸ್ತೆಯ ಅಂಚಿನ ಮರಗಳು ಬಿಲ್ಲಿನ ಹಾಗೆ ಬಾಗಿ ಓಡುತ್ತಿದ್ದದ್ದನ್ನು ನಾನು ನೋಡಿದ್ದೆ. ಐವತ್ತನಾಲ್ಕರಲ್ಲಿ ಮರಗಳು ಹಾಗೆ ಬಾಗುವುದಿಲ್ಲ. ಕುಚೇಷ್ಟೆ ಅಲ್ಲಿಗೇ ನಿಂತಿತು. ಅಂದು ಸಂಜೆ ಪುಸ್ತಕ ಹಿಡಿದು ಸೋಫಾದಲ್ಲಿ ಕೂತೆ. ನೀವು ನಿಮ್ಮ ರೇಸು ಮುಗಿಸಿದಿರಿ. ಕೈಗವಸು ಬಿಚ್ಚಿದಿರಿ. ಒಂದು ಬೆರಳಿನಿಂದ ಕಡ್ಡಿಯನ್ನು ಬಲಕ್ಕೆ ತಳ್ಳುತ್ತಾ ಹೋಗಿ ನೂರಹತ್ತಕ್ಕೆ ನಿಲ್ಲಿಸಿದಿರಿ. ಆಮೇಲೆ ಒಳಗೆ ತಿರುಗಿ, ಸಕ್ಕರೆ ಸವರಿದ ದನಿಯಲ್ಲಿ, "ಬಾರೇ, ಪ್ರಾಕ್ಟೀಸ್ ಮಾಡು" ಎಂದು ಕರೆದಿರಿ. ಗೆರೆ ದೂರ ಕಂಡಾಗಲೇ ಬ್ರೇಕ್ ಒತ್ತಲು ಅಲ್ಲಿ ಪಳಗಿದ ಅವಳ ಕಾಲು, ನಿಜವಾದ ರಸ್ತೆಯಲ್ಲೂ ಗೆರೆ ಅಷ್ಟು ದೂರವಿರುವಾಗಲೇ ಒತ್ತುತ್ತಿತ್ತು.

ಮರುದಿನ ಬಾಲ್ಕನಿಯಲ್ಲಿ ನಿಮ್ಮನ್ನು ಕೇಳಿದೆ. ನೀವು ಬೆಚ್ಚಿಬೀಳುತ್ತೀರಿ, ಸುಳ್ಳು ಹೇಳುತ್ತೀರಿ, ಕೊನೇಪಕ್ಷ ಬೈಯುತ್ತೀರಿ ಎಂದುಕೊಂಡಿದ್ದೆ. ನೀವು ಬಿಸ್ಕತ್ತು ಅಗಿಯುತ್ತಲೇ ಇದ್ದಿರಿ.

"ಸ್ವಲ್ಪ ಭಯ ಇರ್ಲಿ ಕಣೋ ಅವಳಿಗೆ. ಕಂಡೋರ ಮನೆ ಸುತ್ಕೊಂಡು ಯಾವಾಗ ಹೋಗ್ತಾಳೋ ಯಾವಾಗ ಬರ್ತಾಳೋ. ಈಗೇನು ಕಮ್ಮಿಯಾಗಿದೆ? ನಾನೇ ಬಿಡ್ತೀನಿ, ನಾನೇ ಕರ್ಕೊಂಡ್ ಬರ್ತೀನಿ. ನೀನೂ ಗಂಡಸೇ ಅಲ್ವಾ, ನಿನಗೆ ಅರ್ಥ ಆಗುತ್ತೆ."

ಹಾಗೆನ್ನುತ್ತಾ ನನ್ನ ಹೆಗಲ ಮೇಲೆ ಕೈಯಿಟ್ಟಿರಿ, ಬಿಸ್ಕತ್ತಿನ ಪುಡಿ ಸಮೇತ. ಆ ಶರ್ಟನ್ನು ಆಮೇಲೆ ಎಷ್ಟು ಸಲ ಒಗೆದರೂ ಹಾಕಿಕೊಳ್ಳುವ ಮನಸ್ಸಾಗಲಿಲ್ಲ. ಬೇಡ ಎಂದು ನೇರವಾಗಿ ಹೇಳಿದ್ದರೆ ಅವಳು ನಿಮ್ಮೊಡನೆ ಜಗಳವಾಡುತ್ತಿದ್ದಳು, ಗೆಲ್ಲುತ್ತಲೂ ಇದ್ದಳು. ಅದು ನಿಮಗೆ ಚೆನ್ನಾಗಿ ಗೊತ್ತು. ಅದಕ್ಕೇ ನೀವು ಅವಳ ಎದುರು ನಿಲ್ಲಲಿಲ್ಲ, ಅವಳ ಕಣ್ಣೊಳಗೆ ಕೈ ಹಾಕಿದಿರಿ. ಅವಳು ತನ್ನೊಂದಿಗೆ ತಾನೇ ಜಗಳವಾಡಿ ಸೋಲಲಿ ಎಂದು ಪಕ್ಕದಲ್ಲಿ ಕೂತು ಟೀ ಕುಡಿದಿರಿ.

ಮುಂದಿನದು ಆಗ ನಿಮಗೆ ಗೊತ್ತಿರಲಿಲ್ಲ. ನೀವು ಯಾರದೋ ಅಡುಗೆಮನೆ ಅಳೆಯಲು ಹೋಗಿರುತ್ತಿದ್ದ ಮಧ್ಯಾಹ್ನಗಳಲ್ಲಿ ನಾನು ಅಕ್ಕನ ಮೂಗಿನಿಂದ ಪರದೆಗೆ ಡ್ರಾಯರಿನಲ್ಲಿದ್ದ ನಿಮ್ಮ ಹಳೆಯ ಟೇಪು ಹಿಡಿದು, ಕಡ್ಡಿಯನ್ನು ಐವತ್ತನಾಲ್ಕಕ್ಕೆ ತಂದೆ. ಹೊಸ ಅಪ್‌ಡೇಟ್ ಬಂದಿದೆ ಎಂದೆ. "ಇದೇನೋ, ಬಾಗಿಲ ಸಂದೀಲಿ ಇಣುಕಿದ ಹಾಗಿದೆ. ಕಾರು ಆಮೆ ಥರ ಹೋಗ್ತಿದೆ" ಎಂದು ಮೂಗು ಮುರಿದಳು. ಮೊದಲ ದಿನ, ಟೆಸ್ಟಿನ ಮೈದಾನದಲ್ಲಿ ನಿಲ್ಲಿಸಿದಷ್ಟೇ ಹಿಂದೆ ಇಲ್ಲೂ ನಿಲ್ಲಿಸಿದಳು. ಆ ತಪ್ಪು ಅವಳ ಕಣ್ಣೆದುರಿಗೆ, ಮನೆಯಲ್ಲಿ, ಮೊದಲ ಸಲ ಕಾಣಿಸಿತು. "ಓ" ಎಂದಳು, ಅಷ್ಟೇ. ಆಮೇಲೆ ದಿನದಿನಕ್ಕೆ ಗೆರೆಯ ಹತ್ತಿರ ಬಂದಳು. ಸಂಜೆ ನೀವು ಕರೆದಾಗ ತಲೆನೋವು ಅನ್ನು, ಭಾವನಿಗೆ ಆಶ್ಚರ್ಯ ಕೊಡೋಣ ಎಂದಿದ್ದೆ. ನಿಮಗೆ ಆಶ್ಚರ್ಯ ಕೊಡುವ ಆಸೆಗೇ ಅವಳು ಅಷ್ಟು ಕಷ್ಟಪಟ್ಟಳು ಎಂಬುದನ್ನು ಬರೆಯುವಾಗ ಪೆನ್ನಿಗೂ ನಾಚಿಕೆಯಾಗುತ್ತಿದೆ.

ಮೊನ್ನೆ ಪಾಸಾದಳು. ಕೇಕು ಹಿಡಿದು ಬಂದವಳು ಚಪ್ಪಲಿಯನ್ನೂ ಬಿಡದೆ ನಿಮ್ಮ ಹತ್ತಿರ ಹೋದಳು. "ರೀ, ನಿಮ್ಮಿಂದಾನೇ ಆಗಿದ್ದು. ನಾನೊಬ್ಬಳು ದಡ್ಡಿ, ಎಷ್ಟು ಸಹನೆಯಿಂದ ಕೂರಿಸಿ ಕಲಿಸಿದ್ರಿ."

ನಾನು ಬಾಗಿಲ ಬಳಿ ನಿಂತಿದ್ದೆ. ನೀವು ನನ್ನ ಮುಖ ನೋಡಿದಿರಿ, ಟೇಪು ಇಟ್ಟಿದ್ದ ಡ್ರಾಯರಿನ ಕಡೆ ನೋಡಿದಿರಿ, ಎಲ್ಲ ಅರ್ಥವಾಯಿತು ನಿಮಗೆ. ಆಗಲಾದರೂ ಬಾಯಿ ಬಿಡುತ್ತೀರಿ ಎಂದುಕೊಂಡೆ. "ಇರ್ಲಿ ಬಿಡು, ನನ್ನ ಕರ್ತವ್ಯ" ಎಂದಿರಿ. ಕೇಕಿನ ದೊಡ್ಡ ತುಂಡು ತೆಗೆದುಕೊಂಡಿರಿ. ಜೀವನದಲ್ಲಿ ನಾನು ತುಂಬ ಹೊಲಸು ನೋಡಿಲ್ಲ, ವಯಸ್ಸು ಚಿಕ್ಕದು. ನೋಡಿದಷ್ಟರಲ್ಲಿ ಆ ನಿಮ್ಮ ಬೆರಳಿಗಂಟಿದ ಕೆನೆಯೇ ದೊಡ್ಡದು.

ನಾನೇ ಅವಳಿಗೆ ಹೇಳಿಬಿಡಬಹುದು. ನಾನು ಹೇಳಿದರೆ ಅದು ಚಾಡಿಯಾಗುತ್ತದೆ, ನೀವು ತಮಾಷೆ ಎಂದು ತೇಲಿಸುತ್ತೀರಿ, ಅವಳು ನಿಮ್ಮನ್ನು ನಂಬುತ್ತಾಳೆ. ಅದಲ್ಲದೆ ಅವಳಿಗೆ ಬೇಕಾಗಿರುವುದು ನಿಮ್ಮ ತಪ್ಪಿನ ಸುದ್ದಿಯಲ್ಲ. ತನ್ನ ಕಣ್ಣು, ತನ್ನ ತಲೆ, ತನ್ನ ಕೈ ಮೊದಲ ದಿನದಿಂದಲೂ ಸರಿಯಾಗಿದ್ದವು ಎಂಬ ಮಾತು ಬೇಕು, ಅದೂ ಅದನ್ನು ಕೆಡಿಸಿದವರ ಬಾಯಿಂದಲೇ ಬೇಕು. ಸೂಜಿ ಹಿಡಿದಾಗ ಅವಳು ಈಗಲೂ ಒಂದು ಕ್ಷಣ ತಡೆಯುತ್ತಾಳಂತೆ.

ಸೋಮವಾರ ಬೆಳಿಗ್ಗೆ ಅವಳು ಹೊಸ ಕೆಲಸಕ್ಕೆ ಹೋಗುತ್ತಾಳೆ. ಮೊದಲ ದಿನ ನೀವು ಪಕ್ಕದಲ್ಲಿರಬೇಕು ಎಂದು ಆಸೆಪಟ್ಟಿದ್ದಾಳೆ. ಹೋಗಿ. ಅಲ್ಲೇ ಹೇಳಿ. ಅದಕ್ಕಿಂತ ಒಳ್ಳೆಯ ಜಾಗ ನಿಮಗೆ ಸಿಗುವುದಿಲ್ಲ: ಅವಳ ಎರಡೂ ಕೈ ಸ್ಟೀರಿಂಗಿನ ಮೇಲಿರುತ್ತವೆ, ಕಣ್ಣು ರಸ್ತೆಯ ಮೇಲಿರುತ್ತದೆ, ನಿಮ್ಮ ಮುಖವನ್ನು ಅವಳು ನೋಡಬೇಕಾಗಿಲ್ಲ. ಅರ್ಧ ಹೇಳಿ ನಿಲ್ಲಿಸಬೇಡಿ, "ನಿನ್ನ ಒಳ್ಳೇದಕ್ಕೇ" ಎಂದು ಬಾಲ ಸೇರಿಸಬೇಡಿ. ಅವಳು ಗಾಡಿ ಪಕ್ಕಕ್ಕೆ ಹಾಕಿ "ಇಳೀರಿ" ಎಂದರೆ ಇಳಿಯಿರಿ. ನಡೆದುಕೊಂಡು ಬಂದರೂ ಮನೆ ಸಿಗುತ್ತದೆ.

ಸದ್ಯಕ್ಕೆ ನಿಮಗೆ ಮುಖ ಕೊಟ್ಟು ಮಾತಾಡಲಾಗದ ನಿಮ್ಮ ಬಾಮೈದನಿಂದ ಇಷ್ಟೇ. ಜೊತೆಗೆ, ಚಿಕ್ಕವನಾದರೂ ಮನಸಾರೆ ಒಂದು ಹರಕೆ: ಸೋಮವಾರ ನಿಮ್ಮ ದಾರಿಯ ಸಿಗ್ನಲ್ಲುಗಳೆಲ್ಲ ಕೆಂಪಾಗಿರಲಿ, ಹೇಳಿ ಮುಗಿಸುವಷ್ಟು ಹೊತ್ತು ನಿಮಗೆ ಸಿಗಲಿ.