ನೀಲಿ ವೃತ್ತದೊಳಗೆ ಸಿಕ್ಕಿಕೊಂಡ ಬೀದಿ

ಕೆಳಗಿನ ಬೀದಿ, ಕೆ.ಆರ್. ಪುರಂ
೧೮ ಏಪ್ರಿಲ್ ೨೦೦೧, ಬುಧವಾರ

ಪ್ರೀತಿಯ ಜಗನ್ ಅಣ್ಣಾ,

ಹೇಗಿದ್ದೀಯ? ನೂರ್‌ಜಹಾನ್ ಅತ್ತಿಗೆಗೆ ಜ್ವರ ಅಂತ ರಸೆಲ್ ಮಾರುಕಟ್ಟೆಯಲ್ಲಿ ಸಿಕ್ಕಾಗ ಪಕ್ಕದ ಮನೆ ಸುಭದ್ರಮ್ಮನಿಗೆ ಹೇಳಿದೆಯಂತೆ, ಈಗ ವಾಸಿಯಾಯ್ತಾ? ಪುಲಿಕೇಶಿನಗರದ ನಿಮ್ಮ ಮನೆ ಮಹಡಿ ಮೇಲಿದೆ, ಗಾಳಿ ಚೆನ್ನಾಗಿ ಬರುತ್ತೆ ಅಂತಲೂ ಅವಳು ಅಂದಳು. ಅಮ್ಮ ಅದನ್ನೇ ಮತ್ತೆ ಮತ್ತೆ ಹೇಳಿಸಿಕೊಂಡಳು. ಅಪ್ಪ ಟವೆಲ್ ಕೊಡವಿಕೊಂಡು ಎದ್ದು ಹೋದ. ನೀನು ಅತ್ತಿಗೆಯನ್ನು ಮದುವೆಯಾದ ದಿನ 'ಇನ್ನು ಈ ಹೊಸಿಲು ತುಳೀಬೇಡ' ಅಂದವನಿಗೆ ಆ ಮಾತನ್ನು ಹೇಗೆ ವಾಪಸ್ ತಗೊಳ್ಳಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಸರಿ, ಕ್ಷೇಮ ಸಮಾಚಾರ ಮುಗೀತು. ಇನ್ನು ಮುಂದಿನದೆಲ್ಲ ಜಗಳ. ನಿಂತುಕೊಂಡು ಓದಬೇಡ, ಕೂತು ಓದು.

ಹೋದ ಗುರುವಾರ ನೀರಿನ ಆಫೀಸಿನವರು ಅರಳಿಕಟ್ಟೆಗೆ ನೋಟೀಸ್ ಅಂಟಿಸಿ ಹೋದರು. ಕೆಳಗಿನ ಬೀದಿಗೆ ವಾರಕ್ಕೆರಡು ಸಲ ಬರೋ ಟ್ಯಾಂಕರ್ ಬೇಕಾಗಿಲ್ಲವಂತೆ, ನಿಲ್ಲಿಸ್ತಾರಂತೆ. ತಕರಾರಿದ್ದವರು ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿಗೆ ಬಂದು ಹೇಳಬೇಕಂತೆ. ನಾವು ಹೆಂಗಸರು ಸೋಮವಾರದ ತನಕ ಕಾಯಲಿಲ್ಲ, ಅವತ್ತೇ ನುಗ್ಗಿದೆವು. ಸಾಹೇಬರು ಫ್ಯಾನಿನ ಕೆಳಗೆ ಕೂತು ಒಂದು ದಪ್ಪ ವರದಿ ಬಿಡಿಸಿದರು. ಅದರಲ್ಲೊಂದು ದುಂಡನೆಯ ಚಿತ್ರ. 'ನೀರಿದೆ' ಅನ್ನೋದಕ್ಕೆ ನೀಲಿ, 'ನೀರಿಲ್ಲ' ಅನ್ನೋದಕ್ಕೆ ಕೆಂಪು. ವೃತ್ತವೆಲ್ಲ ನೀಲಿ, ಕೆಂಪು ಒಂದು ಗೀಟಿನಷ್ಟು. 'ನೋಡ್ರಮ್ಮ, ನೀರಿದೆ ಅಂತ ನಿಮ್ಮ ಬೀದಿಯೋರೇ ಹೇಳಿದ್ದಾರೆ, ಈಗ ನನ್ನ ಹತ್ರ ಯಾಕೆ ಕೂಗಾಡ್ತೀರಿ' ಅಂದರು. ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಹೆಸರಿತ್ತು. ಆರ್. ಜಗನ್. ಓದಲು ಬಾರದ ಸುಭದ್ರಮ್ಮ ನನ್ನ ಸೊಂಟ ತಿವಿದು 'ಏನೇ ಬರೆದವ್ರೆ ಅಲ್ಲಿ?' ಅಂತ ಕೇಳಿದಳು. ಏನಿಲ್ಲ ಬಾ ಅಂದೆ. ಅವಳ ಕೈ ಹಿಡಿದು ಮನೆಗೆ ಎಳೆದುಕೊಂಡು ಬಂದೆ.

ನೀನು ಬೀದಿಗೆ ಬಂದಿಲ್ಲ, ಆಫೀಸಲ್ಲಿ ಕೂತು ಯಾರೋ ತಂದುಕೊಟ್ಟ ಹಾಳೆ ನೋಡಿ ಬರೆದೆ, ಗೊತ್ತು. ನೀರಿನ ಆಫೀಸಿನ ಪರವಾಗಿ ಸರ್ವೆಗೆ ಬಂದವರು ನಿಮ್ಮ ಕಂಪನಿಯ ಇಬ್ಬರು. ಫೆಬ್ರವರಿಯಲ್ಲೇ ಆ ಬಿಸಿಲು. ಬಿಸಿಲಲ್ಲಿ ಬಂದವರಿಗೆ ನಮ್ಮ ಬೀದಿ ಮೊದಲು ಏನು ಕೊಡುತ್ತೆ ಅಂತ ನಿನಗೆ ಹೇಳಿಕೊಡಬೇಕಾ? ಮನೆಮನೆಯಲ್ಲೂ ಒಂದು ಲೋಟ ನೀರು, ಒಂದು ಚೂರು ಬೆಲ್ಲ. ಅವರು ಕುಡಿದರು, ಬಾಯಿ ಒರೆಸಿಕೊಂಡರು, 'ಮನೇಲಿ ನೀರಿದೆಯಾ' ಅಂದರು. ತುಂಬಿದ ಚೊಂಬು ಹಿಡಿದು ನಿಂತ ಹೆಂಗಸು ಎದುರಿಗೇ ಕೂತ ಅತಿಥಿಗೆ ಇಲ್ಲ ಅಂತ ಹೇಗೆ ಹೇಳ್ತಾಳೆ? ನಮ್ಮಪ್ಪನಂತೂ ಜಗಲಿಯಿಂದಲೇ 'ರಾಮಾಂಜಿನಪ್ಪನ ಮನೇಲಿ ನೀರಿಗೇನಪ್ಪ ಬರ!' ಅಂತ ಮೀಸೆ ತೀಡಿದ. ಈ ಬೀದಿಗೆಲ್ಲ ಬಾವಿ ನೀರು ಹಂಚಿ, ಸೊಪ್ಪು ಬೆಳೆದು ಮಾರುಕಟ್ಟೆಗೆ ಹಾಕುತ್ತಿದ್ದವನು. ಬಾವಿ ಬತ್ತಿ, ತೋಟ ಲೇಔಟಾಗಿ ಎಷ್ಟು ವರ್ಷವಾದರೂ ಅವನ ನಾಲಿಗೆಯ ಮೇಲೆ ಆ ಬಾವಿ ಇನ್ನೂ ತುಂಬೇ ಇದೆ. ಅಮ್ಮ ಆ ನೀರನ್ನು ಬೆಳಿಗ್ಗೆ ರೈಲು ಹಳಿ ದಾಟಿ, ಫ್ಯಾಕ್ಟರಿ ಕ್ವಾರ್ಟರ್ಸ್ ನಲ್ಲಿಯಲ್ಲಿ ಕಾವಲುಗಾರನ ಬೈಗುಳ ತಿಂದು ತಂದಿದ್ದಳು. ಅದನ್ನು ಯಾರೂ ಕೇಳಲಿಲ್ಲ. ಆ ಕೆಂಪು ಗೀಟು ಯಾರು ಗೊತ್ತಾ? ಕೊನೇ ಮನೆ ವೆಂಕಟಮ್ಮಜ್ಜಿ. ಅವತ್ತು ಅವಳ ಹತ್ತಿರ ಕೊಡೋಕೆ ಒಂದು ಲೋಟವೂ ಇರಲಿಲ್ಲ. ಉಳಿದವರ ಮರ್ಯಾದೆಗೆಲ್ಲ ನೀನು ನೀಲಿ ಬಳಿದೆ.

ವರದಿಯ ಇನ್ನೊಂದು ಪುಟದಲ್ಲಿ ಮನೆಗೆ ದಿನಕ್ಕೆ ಸರಾಸರಿ ಹದಿನೈದು ಬಿಂದಿಗೆ ಅಂತಿದೆ. ಸಂಪು, ಬೋರ್‌ವೆಲ್ ಇರೋ ಮೇಲಿನ ಬೀದಿಯನ್ನೂ ಏನೂ ಇಲ್ಲದ ನಮ್ಮ ಬೀದಿಯನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದ್ದೀಯ. ನನಗೆ ಸ್ಟ್ಯಾಟಿಸ್ಟಿಕ್ಸ್ ಕಲಿಸಿದವನು ನೀನೇ ಅಲ್ವಾ? ಬಿ.ಕಾಂ. ಸೇರಿದ ವರ್ಷ ತಲೆಗೆ ಹತ್ತಲ್ಲ ಅಂತ ಅಳುತ್ತಿದ್ದಾಗ ಮಾರುಕಟ್ಟೆಯಿಂದ ತಂದ ಸೊಪ್ಪಿನ ಕಟ್ಟುಗಳನ್ನು ನೆಲದ ಮೇಲೆ ಹರಡಿ ಹೇಳಿಕೊಟ್ಟೆ. ಮೆಂತ್ಯ, ದಂಟು, ಸಬ್ಬಸಿಗೆ, ಇವು ಬರೀ ಹೆಸರು, ಒಂದಕ್ಕೊಂದು ಸೇರಲ್ಲ, ಅದಕ್ಕೇ ಗ್ರಾಫಿನಲ್ಲಿ ಅವುಗಳ ಕಂಬಗಳ ಮಧ್ಯೆ ಜಾಗ ಬಿಡಬೇಕು. ಕಟ್ಟಿನ ತೂಕ ಅಂದ್ರೆ ಅಳತೆ, ಒಂದರಿಂದ ಇನ್ನೊಂದಕ್ಕೆ ಹರಿದು ಹೋಗುತ್ತೆ, ಅಲ್ಲಿ ಕಂಬಗಳು ಅಂಟಿಕೊಂಡಿರಬೇಕು ಅಂತ. 'ಯಮುನಾ, ಎಷ್ಟು ಅಂತ ಕೇಳಬೇಕಾದ ಕಡೆ ಇದೆಯಾ ಅಂತ ಕೇಳಿದ್ರೆ ಚಿತ್ರ ಎಷ್ಟೇ ಚೆನ್ನಾಗಿರಲಿ ಸುಳ್ಳು ಹೇಳುತ್ತೆ' ಅಂದಿದ್ದೆ. ಆ ಪಾಠ ಸಂಬಳದ ಮೇಜಿನ ಮೇಲೆ ಯಾಕಣ್ಣ ಮರೆತುಹೋಯ್ತು?

ನಾನು ಮರೆಯಲಿಲ್ಲ. ಭಾನುವಾರ ಬೆಳಿಗ್ಗೆ ಎರಡೂ ಬೀದಿಯ ಹೆಂಗಸರಿಗೆ ಹೇಳಿದೆ, ಇವತ್ತು ರಂಗೋಲಿ ಬೇಡ, ನಿನ್ನೆ ಮನೆಗೆ ಬಂದ ಒಂದೊಂದು ಬಿಂದಿಗೆಗೆ ಬಾಗಿಲ ಮುಂದೆ ಒಂದೊಂದು ಚುಕ್ಕಿ ಇಡಿ ಅಂತ. ಮೇಲಿನ ಬೀದಿಯಲ್ಲಿ ಸಾಲು ರಸ್ತೆಗೇ ಬಂತು. 'ನಲ್ಲಿ ತಿರುಗಿಸೋರು ಎಣಿಸ್ತಾರೇನೇ?' ಅಂತ ನಕ್ಕರು, ಆದರೂ ಇಟ್ಟರು. ನಮ್ಮಲ್ಲಿ ಎರಡು, ಮೂರು, ಹೆಚ್ಚೆಂದರೆ ನಾಲ್ಕು. 'ಇದೇನೇ, ನಮ್ಮ ಮನೆ ಮುಂದೆ ಇರುವೆ ಉಚ್ಚೆ ಹೊಯ್ದಂಗಿದೆ' ಅಂದಳು ಸುಭದ್ರಮ್ಮ. ಎಲ್ಲರೂ ನಕ್ಕೆವು. ಅಪ್ಪ ಹೊರಗೆ ಬಂದು ನಮ್ಮ ಮೂರು ಚುಕ್ಕಿಯನ್ನು ಕಾಲಲ್ಲಿ ಒರೆಸಿಹಾಕಿದ. ಒರೆಸಲಿ, ಅಷ್ಟರಲ್ಲಿ ನಾನು ಎಲ್ಲ ಗುರುತು ಹಾಕಿಕೊಂಡಿದ್ದೆ. ಗ್ರಾಫ್ ಹಾಳೆಯ ಮೇಲೆ ಎಳೆದರೆ ಎರಡು ಗುಡ್ಡ ಬಂತಣ್ಣ. ಈ ತುದಿಗೆ ನಾವು, ಆ ತುದಿಗೆ ಅವರು, ನಡುವೆ ಬಯಲು. ನಿನ್ನ ಹದಿನೈದು ಬಿಂದಿಗೆ ಇದೆಯಲ್ಲ, ಅಲ್ಲಿ ಒಂದು ಮನೆಯೂ ಇಲ್ಲ, ಒಂದು ನಾಯಿಯೂ ಇಲ್ಲ.

ನಿನ್ನೆ ಅದನ್ನು ಸಾಹೇಬರ ಮುಂದೆ ಇಟ್ಟೆ. 'ಗೆರೆ ಚೆನ್ನಾಗಿ ಎಳೆದಿದ್ದೀಯಮ್ಮ' ಅಂದರು. ಆಮೇಲೆ, ಕಾಲೇಜು ಹುಡುಗಿ ಬರೆದದ್ದಕ್ಕೆಲ್ಲ ಆದೇಶ ಬದಲಾಗಲ್ಲ, ವರದಿ ಬರೆದವರೇ ಬಂದು ತಪ್ಪಾಗಿದೆ ಅಂತ ರುಜು ಹಾಕಿದರೆ ನೋಡೋಣ ಅಂದರು. ಅವರಿಗೆ ಗೊತ್ತು, ಯಾರೂ ಬರಲ್ಲ ಅಂತ. ರುಜು ಹಾಕಿದರೆ ನಿನ್ನ ಕೆಲಸ ಹೋಗಬಹುದು, ಅದು ನನಗೂ ಗೊತ್ತು. ಗೊತ್ತಿದ್ದೇ ಕೇಳ್ತಿದ್ದೀನಿ. ಸುಭದ್ರಮ್ಮನ ಸೊಸೆ ಎಂಟು ತಿಂಗಳ ಬಸುರಿ, ಎರಡು ಬಿಂದಿಗೆ ಹೊತ್ತು ಹಳಿ ದಾಟ್ತಾಳೆ. ಅಮ್ಮನಿಗೆ ಸೊಂಟ ನೆಟ್ಟಗೆ ಮಾಡಿ ನಿಲ್ಲೋಕಾಗಲ್ಲ, ಹಳಿಯ ಮೇಲೆ ನಿಂತು ಸುಧಾರಿಸಿಕೊಳ್ತಾಳೆ. ಕೇಳಿಸ್ತಾ? ಹಳಿಯ ಮೇಲೆ. ನೀರು ಕೊಡದ ಸರ್ಕಾರ ನಮ್ಮ ಬಾಯಿಂದಲೇ ನೀರಿದೆ ಅನ್ನಿಸಿ, ನಮ್ಮ ಮನೆ ಮಗನ ಕೈಯಿಂದಲೇ ಅದಕ್ಕೆ ಬಣ್ಣ ಹಾಕಿಸಿಬಿಡ್ತು. ಇದಕ್ಕಿಂತ ಅಗ್ಗದ ಕೊಲೆ ಇನ್ನೊಂದಿಲ್ಲ. ನನ್ನ ಹತ್ತಿರ ಇನ್ನು ಬೇರೆ ದಾರಿ ಉಳಿದಿಲ್ಲಣ್ಣ, ನೀನೊಬ್ಬನೇ.

ಅತ್ತಿಗೆಗೆ ನಾನು ಕೇಳಿದೆ ಅಂತ ಹೇಳು, ಈ ಕಾಗದ ಅವರಿಗೂ ಓದಿ ಹೇಳು. ಅಮ್ಮನ ಆಶೀರ್ವಾದ ನಿಮ್ಮಿಬ್ಬರಿಗೂ ಯಾವತ್ತೂ ಇದೆ. ಅಪ್ಪನದು ಕೇಳೋ ಧೈರ್ಯ ನನಗಿಲ್ಲ.

ನಿನ್ನ ಮೇಲೆ ಸಿಟ್ಟೂ ನಂಬಿಕೆಯೂ ಇಟ್ಟುಕೊಂಡ ತಂಗಿ,
ಯಮುನಾ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಗೊತ್ತಾಯ್ತು, ಇವತ್ತಿಂದಲೇ ಟ್ಯಾಂಕರ್ ಬರಲ್ಲವಂತೆ. ಸೋಮವಾರದ ತನಕವೂ ಅವರು ಕಾಯಲಿಲ್ಲ. ಅಮ್ಮ ಆಗಲೇ ಹಳಿ ಕಡೆ ಹೋಗಿದ್ದಾಳೆ, ನಾನೂ ಓಡ್ತೀನಿ. ಸೋಮವಾರ ಆಫೀಸಿಗೆ ಹೋಗೋ ಮುಂಚೆ ಮನೆಗೆ ಬಾ, ಹೊಸಿಲು ದಾಟಿ ಬಾ. ಬಂದ ತಕ್ಷಣ ಅಮ್ಮ ಲೋಟದ ತುಂಬ ನೀರು ತಂದು ಕೊಡ್ತಾಳೆ. ಕುಡಿಯಬೇಡ. ಕೈಯಲ್ಲಿ ಹಿಡಿದುಕೋ, ಎಲ್ಲಿಂದ ತಂದೆ, ಎಷ್ಟು ಉಳಿದಿದೆ ಅಂತ ಕೇಳು. ಅಪ್ಪನಿಗೆ ಕೇಳಿಸೋ ಹಾಗೆ ಕೇಳು.