ಗೋಡೆ ತುಂಬ ಹಳದಿ ಚೀಟಿ

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ನಿನ್ನ ತಂಗಿಯ ನಮಸ್ಕಾರ. ಇವಳು ಬದುಕಿದ್ದಾಳೋ ಇಲ್ಲವೋ ಅಂದುಕೊಂಡಿರುತ್ತೀಯ. ನಿನ್ನ ಕಾಗದಕ್ಕೆ ಉತ್ತರ ಶುರು ಮಾಡಿದ್ದು ಇದೇ ಮೊದಲಲ್ಲ. ಹಿಂದೊಮ್ಮೆ ಅರ್ಧ ಬರೆದು, ಬೇರೆ ಪೆನ್ನು ಹುಡುಕಲು ಎದ್ದವಳು ಕಪಾಟನ್ನೆಲ್ಲ ಕೆಳಗೆ ಸುರಿದುಕೊಂಡು ಜೋಡಿಸುತ್ತಾ ಕೂತೆ. ಬರೆದ ಕಾಗದವೂ ಅದರೊಳಗೇ ಸೇರಿಹೋಯಿತು. ಬೈಯಬೇಡ. ಬೈಯುವವರಿಗೇನೂ ಇಲ್ಲಿ ಬರವಿಲ್ಲ.

ಡಾಕ್ಟರಮ್ಮ ನನ್ನ ತೊಂದರೆಗೆ ಕೊನೆಗೂ ಒಂದು ಹೆಸರು ಹೇಳಿದರು: ಎಡಿಎಚ್‌ಡಿ. ಗಮನ ಒಂದೆಡೆ ನಿಲ್ಲುವುದಿಲ್ಲ, ಕೈಕಾಲು ಸುಮ್ಮನಿರುವುದಿಲ್ಲ. "ಇದು ಸೋಮಾರಿತನ ಅಲ್ಲಮ್ಮಾ, ಅಹಂಕಾರಾನೂ ಅಲ್ಲ. ಚಿಕ್ಕಂದಿನಿಂದ ನಿಮ್ಮ ಮೆದುಳು ಕೆಲಸ ಮಾಡೋ ರೀತೀನೇ ಹೀಗೆ" ಅಂದರು. ಇಷ್ಟು ವರ್ಷ ಬೈಗುಳ ತಿಂದವಳಿಗೆ ಅಳು ಬಂತು ಕಣಕ್ಕಾ.

ನನ್ನ ಕೆಲಸ ಗೊತ್ತಲ್ಲ, ಫೋಟೋಗೆ ಕಟ್ಟು ಹಾಕುವುದು. ಒಬ್ಬರ ತಾತನ ಫೋಟೋ ಮನೆಗೆ ಹೋದ ಮೇಲೆ, ಅಲುಗಾಡಿಸಿದಾಗೆಲ್ಲ ಗಡಗಡ ಅನ್ನುತ್ತಿತ್ತಂತೆ. ಹಿಂದಿನ ಹಲಗೆ ಬಿಚ್ಚಿದರೆ ಒಳಗೆ ನನ್ನ ಕನ್ನಡಕ! "ನಮ್ಮ ತಾತಂಗೆ ಸಾಯೋವಾಗ್ಲೂ ಕಣ್ಣು ಚೆನ್ನಾಗಿತ್ತಮ್ಮಾ" ಅಂದ ಗಿರಾಕಿ. ಮಾಲೀಕರು ನಕ್ಕು ಒಂದು ತಟ್ಟೆ ತಂದಿಟ್ಟರು. ಕನ್ನಡಕ, ಟೇಪು, ಪೆನ್ಸಿಲು ತಟ್ಟೆಗೆ ಬಂದ ಮೇಲೇ ನಾನು ಸುತ್ತಿಗೆ ಮುಟ್ಟಬೇಕು. ಅಷ್ಟೇ. ಆಮೇಲೆ ಯಾವ ತಾತನೂ ಸದ್ದು ಮಾಡಿಲ್ಲ.

ಮನೆಯಲ್ಲಿ? ಥೂ! ಬಾಗಿಲ ಬಳಿ ಒಂದು ಚೀಟಿ ಅಂಟಿಸಿ ಎಂದು ಡಾಕ್ಟರಮ್ಮ ಅಂದದ್ದೇ ತಪ್ಪಾಯಿತು. ನಮ್ಮ ಮನೆಯವರು ಗೋಡೆ ತುಂಬ ಹಳದಿ ಚೀಟಿ ಮೆತ್ತಿದರು. "ಒಲೆ ಆರಿಸು." "ನಲ್ಲಿ ನಿಲ್ಲಿಸು." "ಮಾತಿನ ಮಧ್ಯೆ ಬಾಯಿ ಹಾಕಬೇಡ." ಕಕ್ಕಸಿನಲ್ಲೂ ಒಂದಿತ್ತು, ಏನೆಂದು ಬರೆಯಲು ನನಗೇ ಹೇಸಿಗೆ. ಎರಡೇ ದಿನಕ್ಕೆ ಅವು ನನ್ನ ಕಣ್ಣಿಗೆ ಬೀಳದಾದವು. ಬಂದವರ ಕಣ್ಣಿಗೆ ಮಾತ್ರ ಚೆನ್ನಾಗಿ ಬೀಳುತ್ತಿದ್ದವು. ನನ್ನ ನಾದಿನಿ ಒಂದೊಂದನ್ನೂ ರಾಗವಾಗಿ ಓದಿ, ಬಾಯಲ್ಲಿದ್ದ ತಿಂಡಿ ಮೇಜಿನ ಮೇಲೆಲ್ಲ ಉದುರುವ ಹಾಗೆ ನಕ್ಕಳು. "ನಮ್ಗೂ ಮರೆವಿದೆ ಅತ್ತಿಗೆ. ಅದಕ್ಕೊಂದು ದೊಡ್ಡ ಹೆಸರು ಹುಡುಕ್ಕೊಂಡು ಡಾಕ್ಟ್ರ ಹತ್ರ ಓಡಿದ್ವಾ?" ಆ ಎಂಜಲು ಒರೆಸಿದವಳು ನಾನೇ. ಇವರೋ, ಪಕ್ಕದಲ್ಲೇ ಹಲ್ಲು ಕಿರಿಯುತ್ತಾ ಕೂತಿದ್ದರು.

ಒಳ್ಳೇ ಸುದ್ದಿಯೂ ಇದೆ. ನನ್ನ ಮಗಳು ಗಿರಗಿಟ್ಲೆಗೆ ಆರು ತುಂಬಿತು. ಅಕ್ಷರ ಕೂಡಿಸಿ ಓದುತ್ತಾಳೆ! ಆದರೆ ತರಗತಿಯಲ್ಲಿ ಕೂತಲ್ಲಿ ಕೂರುವುದಿಲ್ಲ; ಚೀಲ ಅಲ್ಲಿ, ಬೂಟು ಇಲ್ಲಿ. ಟೀಚರು "ಒಂದ್ಸಲ ಡಾಕ್ಟ್ರಿಗೆ ತೋರ್ಸಿ" ಅಂದರು. ಇವರು, "ಮನೆಗೆ ಒಬ್ಳು ಸಾಲ್ದಾ? ನಾಲ್ಕು ಬಿಗಿದ್ರೆ ಸರಿಹೋಗ್ತಾಳೆ" ಅಂದರು. ಮೈಯೆಲ್ಲ ಉರಿದುಹೋಯಿತು. ಪೆದ್ದಿ, ಬೇಜವಾಬ್ದಾರಿ ಅನ್ನಿಸಿಕೊಂಡು ನಾನು ಬೆಳೆದೆ. ಅವಳು ಹಾಗೆ ಬೆಳೆಯಕೂಡದು. ಮೊನ್ನೆ ಇವರನ್ನು ಕೇಳದೆ ನಾನೇ ಕರೆದುಕೊಂಡು ಹೋದೆ. "ಶಾಲೆಯವ್ರನ್ನೂ ಕೇಳಿ ನೋಡ್ತೀನಿ. ಇವಳಿಗೂ ಇರೋ ಹಾಗೇ ಕಾಣುತ್ತೆ. ಬೇಗ ಬಂದಿದ್ದು ಒಳ್ಳೇದಾಯ್ತು" ಅಂದರು ಡಾಕ್ಟರಮ್ಮ.

ಭಾವನವರಿಗೆ ನಮಸ್ಕಾರ. ನಿನ್ನ ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ: ನೂರ್ಕಾಲ ಬಾಳಲಿ, ಏನೇ ಕಳೆದುಕೊಂಡು ಬಂದರೂ ಬೈಗುಳ ತಿನ್ನದೆ ಬಾಳಲಿ.

ನಿನ್ನ,
ತಂಗಿ

ತಾ.ಕ.: ಒಂದು ಮಾತು ಹೇಳಲಿಲ್ಲ. ಹೊರಡುವಾಗ ಗಿರಗಿಟ್ಲೆ ಡಾಕ್ಟರಮ್ಮನ ಕೋಟು ಜಗ್ಗಿ, "ಅಮ್ಮನ ಥರ ಆಗ್ದೇ ಇರೋಕೆ ಮಾತ್ರೆ ಇದ್ಯಾ?" ಅಂದಳು. ನಾನು ಅಲ್ಲೇ ನಿಂತು ಚೀಲದಲ್ಲಿ ಮನೆಯ ಬೀಗದ ಕೈಗೆ ತಡಕಾಡುತ್ತಿದ್ದೆ. ನಕ್ಕುಬಿಟ್ಟೆ ಅಕ್ಕಾ, ಇನ್ನೇನು ಮಾಡಲಿ? ಮನೆಗೆ ಬಂದವಳೇ ಚೀಟಿಗಳನ್ನೆಲ್ಲ ಗೋಡೆಯ ಬಣ್ಣದ ಸಮೇತ ಕಿತ್ತೆ. ಅವಳು ನನ್ನ ಹಿಂದೆಯೇ ಬಂದು, ನಾನು ಕೀಳುವ ಮುಂಚೆ ಒಂದೊಂದನ್ನೂ ಗಟ್ಟಿಯಾಗಿ ಓದಿದಳು. ಎಲ್ಲೂ ತಡವರಿಸಲಿಲ್ಲ. ಅವಳು ಓದಲು ಕಲಿತದ್ದೇ ಆ ಚೀಟಿಗಳಿಂದ.